ಚಳಿ ಕಡಲ ತೀರದ ಎಳೆ ವಿಸ್ಕಿ: ರುಚಿ ನೋಡುವುದು ಹೇಗೆ?

"ಐದೇ ವರ್ಷದ ವಿಸ್ಕಿಗೆ ಇಷ್ಟೊಂದು ದುಡ್ಡು ಯಾಕೆ ಸಾರ್? ಹೊಗೆ ಬಿಟ್ಟರೆ ಏನೂ ಗೊತ್ತಾಗಲಿಲ್ಲ, ಗಂಟಲು ಉರೀತು ಅಷ್ಟೆ." ಸ್ಕಾಟ್ಲೆಂಡಿನ ಐಲಾ ದ್ವೀಪದ ಬಾಟಲಿಯನ್ನು ಡ್ಯೂಟಿ ಫ್ರೀಯಲ್ಲಿ ಕೊಂಡು ತಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಇನ್ನು ಕೆಲವರದು ಇದರ ಉಲ್ಟಾ: "ನಮ್ಮ ಬೆಂಗಳೂರಿನ ಅಮೃತ್ ವಿಸ್ಕಿ ಕೂಡ ಭಾರೀ ವಯಸ್ಸಿನದೇನಲ್ಲ ಅಂತಾರೆ. ಅದು ಇಷ್ಟು ಹಸಿಹಸಿ ಅನ್ನಿಸಲ್ಲವಲ್ಲ?"

ಎರಡು ಪ್ರಶ್ನೆಗೂ ಉತ್ತರ ಒಂದೇ. ಚಳಿ ಊರಿನಲ್ಲಿ ಮೂರು, ನಾಲ್ಕು, ಐದು ವರ್ಷ ಮಾತ್ರ ಪೀಪಾಯಿಯಲ್ಲಿ ಕೂತ ವಿಸ್ಕಿಯಲ್ಲಿ ಮರದ ಮಾತು ಕಡಿಮೆ. ಭಟ್ಟಿಯಿಂದ ಇಳಿದ ಸ್ಪಿರಿಟ್ ಹೇಗಿತ್ತೋ ಅದೇ ಜೋರಾಗಿ ಮಾತಾಡುತ್ತದೆ. ಹದಿನೆಂಟು ವರ್ಷದ ವಿಸ್ಕಿಯಲ್ಲಿ ಹುಡುಕುವುದನ್ನು ಇದರಲ್ಲಿ ಹುಡುಕಿದರೆ ನಿರಾಸೆ ಗ್ಯಾರಂಟಿ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನನಗೆ ಸಿಗುತ್ತಿರುವುದು ಎಳೆತನವೋ, ದೋಷವೋ? ಈ ಎರಡನ್ನು ಬೇರೆ ಮಾಡಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

ಉದಾಹರಣೆಗೆ ಐಲಾ ದ್ವೀಪದ ಕಿಲ್‌ಹೋಮನ್ ಡಿಸ್ಟಿಲರಿಯ ಮಾಕಿರ್ ಬೇ ವಿಸ್ಕಿಯನ್ನು ಇಟ್ಟುಕೊಳ್ಳೋಣ. ಸ್ಕಾಟ್ಲೆಂಡಿನದೇ ಆದ ಥರ್ಸೋ ಪಟ್ಟಣದ ವುಲ್ಫ್‌ಬರ್ನ್, ಸ್ಕೈ ದ್ವೀಪದ ಟೋರವೇಗ್, ಪಶ್ಚಿಮ ತೀರದ ಆರ್ಡ್ನಮರ್ಕನ್, ಜಪಾನಿನ ಹೊಕ್ಕೈಡೋದ ಅಕ್ಕೇಶಿ, ಯಾವುದೇ ಆದರೂ ವಿಧಾನ ಇದೇ.

ಚಳಿ ಏನು ಮಾಡುತ್ತದೆ?

ಓಕ್ ಪೀಪಾಯಿ ಮೂರು ಕೆಲಸ ಮಾಡುತ್ತದೆ. ಒಳಗಿನ ಸುಟ್ಟ ಪದರ ಸ್ಪಿರಿಟ್‌ನ ಗಂಧಕದಂಥ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ. ಮರ ತನ್ನಲ್ಲಿರುವ ವೆನಿಲ್ಲಾ, ಕೊಬ್ಬರಿ, ಮಸಾಲೆಯಂಥ ವಾಸನೆ ಮತ್ತು ಒಗರನ್ನು ಬಿಟ್ಟುಕೊಡುತ್ತದೆ. ಜೊತೆಗೆ ಮರದ ಸಂದಿನಿಂದ ನುಸುಳುವ ಗಾಳಿ ಒಳಗಿರುವುದನ್ನು ನಿಧಾನವಾಗಿ ಬದಲಾಯಿಸುತ್ತದೆ. ತಂಪು ಜಾಗದಲ್ಲಿ ಈ ಮೂರೂ ನಿಧಾನ.

ಐಲಾ ಅಂದರೆ ಹಿಮ ಸುರಿಯುವ ಜಾಗ ಅಂತ ಅಂದುಕೊಳ್ಳಬೇಡಿ. ಸುತ್ತ ಕಡಲು ಇರುವುದರಿಂದ ಚಳಿಗಾಲದಲ್ಲೂ ಅಲ್ಲಿ ಐದು ಡಿಗ್ರಿ ಆಸುಪಾಸು ಇರುತ್ತದೆ. ಆದರೆ ಬೇಸಿಗೆಯ ಹಗಲಲ್ಲೂ ಸಾಮಾನ್ಯವಾಗಿ ಹದಿನಾರು ಹದಿನೇಳರ ಆಸುಪಾಸೇ. ಅಂದರೆ ವರ್ಷಪೂರ್ತಿ ತಂಪು, ತೇವ, ಹೆಚ್ಚು ಏರಿಳಿತ ಇಲ್ಲ. ಅಕ್ಕೇಶಿಯದು ಬೇರೆ ಕಥೆ. ಅಲ್ಲಿ ಚಳಿಗಾಲ ಸೊನ್ನೆಗಿಂತ ಬಹಳ ಕೆಳಗೆ ಹೋಗುತ್ತದೆ.

ಪೀಪಾಯಿಯಿಂದ ಆವಿಯಾಗಿ ಹೋಗುವ ಪಾಲಿಗೆ ವಿಸ್ಕಿಯವರು ಏಂಜೆಲ್ಸ್ ಶೇರ್ ಅನ್ನುತ್ತಾರೆ, ಅಂದರೆ ದೇವದೂತರ ಪಾಲು. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2. ಬೆಂಗಳೂರಿನಲ್ಲಿ ಅಮೃತ್‌ನವರು ಹೇಳುವ ಲೆಕ್ಕ ಶೇ. 10ರಿಂದ 12. ಐಲಾದ ಪೀಪಾಯಿ ಐದು ವರ್ಷದಲ್ಲಿ ಕಳೆದುಕೊಳ್ಳುವುದನ್ನು ಬೆಂಗಳೂರಿನ ಪೀಪಾಯಿ ಒಂದೇ ವರ್ಷದಲ್ಲಿ ಕಳೆದುಕೊಳ್ಳುತ್ತದೆ. 2013ರಲ್ಲಿ ಅಮೃತ್ ತಂದ ಎಂಟು ವರ್ಷದ ಗ್ರೀಡಿ ಏಂಜೆಲ್ಸ್‌ನಲ್ಲಿ ಮುಕ್ಕಾಲು ಪಾಲು ಗಾಳಿಗೆ ಹೋಗಿತ್ತು. ಹಾಗಾಗಿ ಲೇಬಲ್ ಮೇಲಿನ "5 ವರ್ಷ" ಎರಡು ಊರುಗಳಲ್ಲಿ ಒಂದೇ ಅಲ್ಲ.

ಏನೇನು ಬೇಕು?

ಗ್ಲಾಸ್: ಕೆಳಗೆ ಹೊಟ್ಟೆ, ಮೇಲೆ ಕಿರಿದಾದ ಬಾಯಿ ಇರುವುದು. ಗ್ಲೆನ್‌ಕೇರ್ನ್ ಅನ್ನುವ ಗ್ಲಾಸ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸ್ ಸಾಕು. ಬಾರಿನ ಅಗಲ ಬಾಯಿಯ ಗ್ಲಾಸ್ ಬೇಡ, ಅದರಲ್ಲಿ ವಾಸನೆ ಒಂದೆಡೆ ನಿಲ್ಲುವುದಿಲ್ಲ.

ನೀರು: ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಕೆಡಿಸಿಕೊಳ್ಳಬೇಕು. ಬೋರ್‌ವೆಲ್ ನೀರಿನ ಗಡಸು ವಿಸ್ಕಿಯ ರುಚಿಯನ್ನು ಮಂಕು ಮಾಡುತ್ತದೆ. ಆರ್‌ಒ ಫಿಲ್ಟರ್ ನೀರೋ ಬಾಟಲಿ ನೀರೋ ಇರಲಿ. ಕ್ಲೋರಿನ್ ವಾಸನೆ ಬರುವ ನಲ್ಲಿ ನೀರಂತೂ ಬೇಡವೇ ಬೇಡ. ಹೊಗೆ ವಿಸ್ಕಿಯ (ಅಂದರೆ ಹೊಗೆ ಹಿಡಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿಯ) ಔಷಧಿ ವಾಸನೆ ಯಾವುದು, ಕ್ಲೋರಿನ್ ಯಾವುದು ಗೊತ್ತಾಗುವುದಿಲ್ಲ.

ಅಳತೆಗೆ: ಮೆಡಿಕಲ್ ಶಾಪ್‌ನಲ್ಲಿ ಸಿಗುವ 5 ಎಂಎಲ್ ಸಿರಿಂಜ್, ಸೂಜಿ ಬೇಡ. ಇದಕ್ಕಿಂತ ಒಳ್ಳೆ ಸಾಧನ ನನಗೆ ಗೊತ್ತಿಲ್ಲ. ಸಿಹಿಯಿಲ್ಲದ, ಖಾರವಿಲ್ಲದ ಬಿಸ್ಕತ್ತೋ ಬ್ರೆಡ್ಡೋ ಸ್ವಲ್ಪ, ಉಗುಳಲು ಒಂದು ಲೋಟ, ಒಂದು ಪೆನ್ನು ಮತ್ತು ಹಾಳೆ. ಉಗುಳುವುದಕ್ಕೆ ನಾಚಿಕೆ ಬೇಡ, ವೃತ್ತಿಯವರು ಮಾಡುವುದೂ ಅದನ್ನೇ. ಅಂದಹಾಗೆ, ಇದೆಲ್ಲ ಕುಡಿಯುವ ವಯಸ್ಸು ಬಂದವರಿಗೆ. ಆಮೇಲೆ ಗಾಡಿ ಓಡಿಸುವವರು ಆ ದಿನ ಮೂಸಿ ನೋಡುವುದರಲ್ಲೇ ಮುಗಿಸಬೇಕು.

ಬಾಟಲಿ ದುಬಾರಿ ಅನ್ನಿಸಿದರೆ ನಾಲ್ಕು ಜನ ಸೇರಿ ಕೊಳ್ಳಿ, ಇಲ್ಲವೇ 50 ಎಂಎಲ್‌ನ ಪುಟ್ಟ ಬಾಟಲಿ ಹುಡುಕಿ. ವಿದೇಶದಿಂದ ಬರುವವರು ತಲಾ 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು. ಬರುವ ನೆಂಟರಿಗೆ ಮೊದಲೇ ಹೇಳಿಡಿ.

1. ಮೊದಲು ಲೇಬಲ್ ಓದಿ

ಸ್ಕಾಚ್ ಅಂತ ಕರೆಯಬೇಕಾದರೆ ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನಲ್ಲೇ, ಕನಿಷ್ಠ 3 ವರ್ಷ ಇರಬೇಕು. ಪೀಪಾಯಿ 700 ಲೀಟರ್ ಮೀರಬಾರದು, ಬಾಟಲಿಯಲ್ಲಿ ಆಲ್ಕೋಹಾಲ್ ಶೇ. 40ಕ್ಕಿಂತ ಕಡಿಮೆ ಇರಬಾರದು. ಲೇಬಲ್ ಮೇಲೆ ವಯಸ್ಸು ಹಾಕಿದ್ದರೆ ಅದು ಒಳಗಿರುವ ಅತಿ ಎಳೆಯ ಪೀಪಾಯಿಯ ವಯಸ್ಸು, ಸರಾಸರಿ ಅಲ್ಲ.

ಎಳೆ ವಿಸ್ಕಿಗಳಲ್ಲಿ ಎಷ್ಟೋ ಬಾರಿ ವಯಸ್ಸೇ ಬರೆದಿರುವುದಿಲ್ಲ. ಮಾಕಿರ್ ಬೇ ಮೇಲೂ ಇಲ್ಲ. ಆಗ ಡಿಸ್ಟಿಲರಿ ಶುರುವಾದ ವರ್ಷ ನೋಡಿ, ಸುಮ್ನೆ ಕಳೆಯಿರಿ. ಕಿಲ್‌ಹೋಮನ್ ಮೊದಲ ಪೀಪಾಯಿ ತುಂಬಿಸಿದ್ದು 2005ರ ಡಿಸೆಂಬರ್‌ನಲ್ಲಿ, ಮೊದಲ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಮಾಡಿದ ವಿಸ್ಕಿ) ಬಂದದ್ದು 2009ರಲ್ಲಿ. ಮಾಕಿರ್ ಬೇ ಬಂದ 2012ರಲ್ಲಿ ಅದರೊಳಗೆ ಏಳು ವರ್ಷ ತುಂಬಿದ ಹನಿ ಇರಲು ಹೆಚ್ಚುಕಡಿಮೆ ಸಾಧ್ಯವೇ ಇರಲಿಲ್ಲ. ಟೋರವೇಗ್ ಭಟ್ಟಿ ಹಚ್ಚಿದ್ದು 2017ರಲ್ಲಿ, ವುಲ್ಫ್‌ಬರ್ನ್ 2013ರಲ್ಲಿ. ಅವುಗಳ ಲೆಕ್ಕವನ್ನು ನೀವೇ ಹಾಕಿ.

ಆಮೇಲೆ ಮೂರು ವಿಷಯ ನೋಡಿ. ಆಲ್ಕೋಹಾಲ್ ಎಷ್ಟು? ಮಾಕಿರ್ ಬೇ ಶೇ. 46. ಪೀಪಾಯಿಗೆ ತುಂಬುವಾಗ ಸಾಮಾನ್ಯವಾಗಿ ಶೇ. 63.5 ಇರುತ್ತದೆ. ತೇವದ ಗೋದಾಮಿನಲ್ಲಿ ಅದು ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ನೀರು ಬೆರೆಸದೆ ತುಂಬಿದ ಎಳೆ ಬಾಟಲಿ, ಅಂದರೆ ಕಾಸ್ಕ್ ಸ್ಟ್ರೆಂತ್, ಶೇ. 60ರ ಹತ್ತಿರವೇ ಇರಬಹುದು. ಎರಡನೆಯದು ಪೀಪಾಯಿ. ಬೂರ್ಬನ್ (ಅಮೆರಿಕದ ವಿಸ್ಕಿ) ಹಿಂದೆ ಇದ್ದ ಪೀಪಾಯಿ ಸುಮಾರು 200 ಲೀಟರ್, ಶೆರ್ರಿ (ಸ್ಪೇನಿನ ವೈನ್) ಬಟ್ ಅನ್ನುವ ಪೀಪಾಯಿ 500 ಲೀಟರ್, ಕ್ವಾರ್ಟರ್ ಕಾಸ್ಕ್ ಅನ್ನುವ ಚಿಕ್ಕ ಪೀಪಾಯಿ ಸುಮಾರು 125. ಪೀಪಾಯಿ ಚಿಕ್ಕದಾದಷ್ಟು ಸ್ಪಿರಿಟ್‌ಗೆ ಮರ ಜಾಸ್ತಿ ತಗಲುತ್ತದೆ. ಮೂರನೆಯದು ಚಿಲ್ ಫಿಲ್ಟರ್ ಮಾಡಿದ್ದಾರಾ, ಬಣ್ಣ ಬೆರೆಸಿದ್ದಾರಾ ಅನ್ನುವುದು. ಚಿಲ್ ಫಿಲ್ಟರ್ ಅಂದರೆ ತಣ್ಣಗೆ ಮಾಡಿ ಸೋಸಿ ಎಣ್ಣೆಯಂಥ ಅಂಶ ತೆಗೆಯುವುದು. ಆರ್ಡ್ನಮರ್ಕನ್ ಬಾಟಲಿಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಯಾವ ಯಾವ ಪೀಪಾಯಿ ಅಂತಲೂ ತಿಳಿಯುತ್ತದೆ. ಎಲ್ಲರೂ ಹೀಗೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು.

ಎಡವುವ ಜಾಗ: ಪಿಪಿಎಂ. "50 ಪಿಪಿಎಂ" ಅಂತ ನೋಡಿ ಹೆದರುವವರೂ ಇದ್ದಾರೆ, ಕುಣಿಯುವವರೂ ಇದ್ದಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಗಿಡಗಂಟಿ ಅರೆಬರೆ ಕೊಳೆತು ಆದ ಮಣ್ಣು. ಅದನ್ನು ಒಣಗಿಸಿ ಸುಟ್ಟು, ಮೊಳಕೆ ಬರಿಸಿದ ಬಾರ್ಲಿಗೆ, ಅಂದರೆ ಮಾಲ್ಟ್‌ಗೆ, ಹೊಗೆ ಹಾಕುತ್ತಾರೆ. ಪಿಪಿಎಂ ಹೇಳುವುದು ಆ ಬಾರ್ಲಿಗೆ ಹಿಡಿದ ಹೊಗೆ ಎಷ್ಟು ಅಂತ. ಬಾಟಲಿಗೆ ಬರುವಷ್ಟರಲ್ಲಿ ಅದರ ದೊಡ್ಡ ಪಾಲು ಹೋಗಿರುತ್ತದೆ. ಮಾಕಿರ್ ಬೇಗೆ 50 ಪಿಪಿಎಂ ಮಾಲ್ಟ್, ಅದೇ ಡಿಸ್ಟಿಲರಿ ತನ್ನದೇ ಹೊಲದ ಬಾರ್ಲಿಯಿಂದ ಮಾಡುವ 100% ಐಲಾಗೆ 20. ಹಾಗಂತ ಗ್ಲಾಸಿನಲ್ಲಿ ಹೊಗೆ ಲೆಕ್ಕ ಹಾಕಿದ ಹಾಗೆ ಎರಡೂವರೆ ಪಟ್ಟು ಅನ್ನಿಸುವುದಿಲ್ಲ.

2. ಹೊತ್ತು ಮತ್ತು ಜಾಗ

ಊಟಕ್ಕೆ ಮುಂಚೆ ಒಳ್ಳೆಯದು. ಒಗ್ಗರಣೆ ಹಾಕಿದ ಅಡುಗೆಮನೆ, ಊದುಬತ್ತಿ ಹಚ್ಚಿದ ಹಾಲ್, ಮಲ್ಲಿಗೆ ಮುಡಿದವರ ಪಕ್ಕ, ಇವೆಲ್ಲ ಬೇಡ. ಕಾಫಿ ಕುಡಿದು, ಉಪ್ಪಿನಕಾಯಿ ತಿಂದು ಒಂದು ಗಂಟೆಯಾದರೂ ಆಗಿರಲಿ.

ಬಿಸಿಲು ನಮ್ಮ ಕಡೆಯ ನಿಜವಾದ ತೊಂದರೆ. ಏಪ್ರಿಲ್‌ನಲ್ಲಿ ಕೋಣೆ ಮೂವತ್ತು ಡಿಗ್ರಿ ದಾಟಿದಾಗ ಗ್ಲಾಸಿನಿಂದ ಆಲ್ಕೋಹಾಲ್ ಮೊದಲು ಎದ್ದು ಮೂಗಿಗೆ ಹೊಡೆಯುತ್ತದೆ. ಎಳೆ ವಿಸ್ಕಿಯಲ್ಲಿ ಇದು ಇನ್ನೂ ಜಾಸ್ತಿ ಕಾಣುತ್ತದೆ. "ಗಂಟಲು ಉರೀತು" ಅನ್ನುವವರಲ್ಲಿ ಅರ್ಧ ಜನರ ತೊಂದರೆ ವಿಸ್ಕಿಯದಲ್ಲ, ಕೋಣೆಯದು. ಇಪ್ಪತ್ತು ಡಿಗ್ರಿ ಆಸುಪಾಸು ಇದ್ದರೆ ಚೆನ್ನ. ಎಸಿ ಇಲ್ಲದಿದ್ದರೆ ಮುಂಜಾನೆ ನೋಡಿ, ಇಲ್ಲವೇ ಬಾಟಲಿಯನ್ನು ಹತ್ತು ನಿಮಿಷ ತಣ್ಣೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಐಸ್ ಹಾಕಬೇಡಿ. ಐಸ್ ಉರಿಯನ್ನು ಮುಚ್ಚುತ್ತದೆ, ಅದರ ಜೊತೆ ಉಳಿದದ್ದನ್ನೆಲ್ಲ ಮುಚ್ಚುತ್ತದೆ.

3. ಸುರಿಯಿರಿ, ಬಿಡಿ

20 ಎಂಎಲ್ ಸಾಕು. ನಮ್ಮ ಸ್ಮಾಲ್ ಪೆಗ್ 30 ಎಂಎಲ್, ಇದು ಅದಕ್ಕಿಂತ ಕಡಿಮೆ. ಸುರಿದು ಹತ್ತು ಹದಿನೈದು ನಿಮಿಷ ಮುಟ್ಟಬೇಡಿ. ಎಳೆ ಸ್ಪಿರಿಟ್‌ನ ಮೊದಲ ಘಾಟು ಅಷ್ಟರಲ್ಲಿ ಹೋಗಿರುತ್ತದೆ. ಬೇಗ ಕುಡಿದು ಬೈಯುವವರು ಹೆಚ್ಚು ಕಳೆದುಕೊಳ್ಳುವುದು ಈ ಹದಿನೈದು ನಿಮಿಷವನ್ನೇ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೂರ್ಬನ್ ಪೀಪಾಯಿಯ ಎಳೆ ವಿಸ್ಕಿ ತೆಳು ಹುಲ್ಲಿನ ಬಣ್ಣ ಇದ್ದರೆ ಅದು ಸಹಜ. ಕಡು ಬಣ್ಣ ಇದ್ದರೆ ಶೆರ್ರಿ ಪೀಪಾಯಿ ಇರಬಹುದು, ವೈನ್ ಪೀಪಾಯಿ ಇರಬಹುದು, ಸುಮ್ನೆ ಕ್ಯಾರಮೆಲ್ ಬಣ್ಣವೂ ಇರಬಹುದು. ಸ್ಕಾಚ್ ನಿಯಮ ಅದಕ್ಕೆ ಒಪ್ಪುತ್ತದೆ. ಬಣ್ಣ ನೋಡಿ ವಯಸ್ಸು ಹೇಳುವ ಮಾವನ ಮಾತು ನಂಬಬೇಡಿ.

4. ಮೂಸುವುದು

ನಿಜವಾದ ಕೆಲಸ ಇಲ್ಲೇ. ವೈನಿನ ಹಾಗೆ ಗ್ಲಾಸನ್ನು ಗಿರಗಿರ ತಿರುಗಿಸಬೇಡಿ, ಆಲ್ಕೋಹಾಲ್ ಎದ್ದು ಮೂಗು ಮರಗಟ್ಟುತ್ತದೆ. ಗ್ಲಾಸನ್ನು ಗದ್ದದ ಮಟ್ಟಕ್ಕೆ ಹಿಡಿದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಮೇಲೆ ತನ್ನಿ. ಘಾಟು ತಗಲಿದ ಕಡೆ ನಿಲ್ಲಿಸಿ. ಒಂದೆರಡು ಚಿಕ್ಕ ಉಸಿರು, ಆಮೇಲೆ ದೂರ. ಮೂಗಿಗೆ ಬೇಸರ ಬಂದರೆ ನಿಮ್ಮದೇ ತೋಳನ್ನು ಮೂಸಿ, ಮತ್ತೆ ಬನ್ನಿ.

ಮೊದಲು ಬರುವುದು ಹೊಗೆ. ಬರಲಿ. ಪೀಟ್ ಹೊಗೆಯ ವಾಸನೆ ವರ್ಷ ಕಳೆದಂತೆ ಕಡಿಮೆಯಾಗುತ್ತದೆ, ಎಳೆ ವಿಸ್ಕಿಯಲ್ಲಿ ಅದು ತುಂಬಿರುತ್ತದೆ. ಹೊಗೆ ವಿಸ್ಕಿ ಮಾಡುವವರು ಧೈರ್ಯವಾಗಿ ಎಳೆಯದನ್ನೇ ಮಾರುವುದಕ್ಕೆ ಇದೂ ಒಂದು ಕಾರಣ. ಆದರೆ "ಹೊಗೆ" ಅಂತ ಬರೆದು ನಿಲ್ಲಿಸಬೇಡಿ. ಯಾವ ಹೊಗೆ? ಆರಿದ ಸೌದೆ ಒಲೆಯ ಬೂದಿಯಾ, ಟಾರ್ ಹಾಕಿದ ರಸ್ತೆಯಾ, ಡೆಟಾಲ್, ಟಿಂಚರ್, ಬ್ಯಾಂಡೇಜ್ ಇರುವ ಆಸ್ಪತ್ರೆಯಾ, ಒಣಮೀನಿನ ಅಂಗಡಿಯಾ? ಕಡೆಯದು ಮಂಗಳೂರು, ಉಡುಪಿ ಕಡೆಯವರಿಗೆ ಬೇಗ ಸಿಗುತ್ತದೆ.

ಒಂದು ಐದು ನಿಮಿಷ ಕಳೆದರೆ ಮೂಗು ಹೊಗೆಗೆ ಹೊಂದಿಕೊಳ್ಳುತ್ತದೆ. ಆಗ ಅದರ ಹಿಂದೆ ಏನಿದೆ ನೋಡಿ. ಮರಸೇಬು, ಹಸಿರು ಸೇಬು, ಏಲಕ್ಕಿ ಬಾಳೆ, ಇವೆಲ್ಲ ಎಸ್ಟರ್ ಅನ್ನುವ ಅಂಶಗಳು. ಬಾರ್ಲಿ ರಸ ಹುಳಿ ಬರುವ ಹಂತದಲ್ಲಿ ಹುಟ್ಟುತ್ತವೆ. ಆ ಹಂತಕ್ಕೆ ಹೆಚ್ಚು ಹೊತ್ತು ಕೊಟ್ಟರೆ ಹಣ್ಣು ಜಾಸ್ತಿ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ಬೀಸುವಾಗಿನ ವಾಸನೆ ಬಂದರೆ ಅದು ಮಾಲ್ಟ್. ಕಡೆಗೆ ಬರುವುದು ಮರ: ವೆನಿಲ್ಲಾ, ಕೊಬ್ಬರಿ. ಎಳೆ ಬೂರ್ಬನ್ ಪೀಪಾಯಿಯಲ್ಲಿ ಇದು ಸಣ್ಣಗೆ ಇರುತ್ತದೆ.

ಎಡವುವ ಜಾಗ: ಬೇರೆಯವರು ಬರೆದ ಪಟ್ಟಿ ಇಟ್ಟುಕೊಂಡು ಮೂಸುವುದು. ಹೆದರ್ ಹೂವು, ಗೂಸ್‌ಬೆರಿ ಅಂತೆಲ್ಲ ಇರುತ್ತದೆ. ನೀವು ಮೂಸಿಯೇ ಇಲ್ಲದ ಹೂವನ್ನು ಗ್ಲಾಸಿನಲ್ಲಿ ಹುಡುಕುವುದು ಹೇಗೆ? ನಿಮ್ಮ ಮೂಗಿಗೆ ಹುರಿಹಿಟ್ಟು ಅನ್ನಿಸಿದರೆ ಹುರಿಹಿಟ್ಟು ಅಂತಲೇ ಬರೆಯಿರಿ.

5. ಮೊದಲ ಗುಟುಕು

ಮೊದಲ ಗುಟುಕು ಲೆಕ್ಕಕ್ಕಿಲ್ಲ. ಅರ್ಧ ಚಮಚದಷ್ಟು ಬಾಯಿಗೆ ಹಾಕಿ, ನಾಲಿಗೆ ಮೇಲೆ ಆಡಿಸಿ ನುಂಗಿ, ಇಲ್ಲವೇ ಉಗುಳಿ. ಬಾಯಿ ಉರಿಗೆ ಸಿದ್ಧವಾಗಲಿ ಅಂತ ಅಷ್ಟೆ. ಒಂದು ನಿಮಿಷ ಬಿಟ್ಟು ಎರಡನೆಯದು. ಇದನ್ನು ಹತ್ತು ಸೆಕೆಂಡ್ ಬಾಯಲ್ಲಿ ಇಟ್ಟುಕೊಳ್ಳಿ.

ಮೊದಲ ಮೂರು ಸೆಕೆಂಡ್‌ನಲ್ಲಿ ಸಿಹಿ ಬರುತ್ತದಾ? ಚೆನ್ನಾಗಿ ಮಾಡಿದ ಎಳೆ ವಿಸ್ಕಿಯಲ್ಲಿ ಬರುತ್ತದೆ. ಆಮೇಲೆ ಕಾಳುಮೆಣಸಿನ ಖಾರ, ನಡುವೆ ಹೊಗೆ. ಬಾಯಲ್ಲಿ ನೀರುನೀರಾಗಿದೆಯಾ, ಎಣ್ಣೆಯಂತೆ ಹಿಡಿಯುತ್ತದಾ ಗಮನಿಸಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಆಗ ಸಿಗುವುದೇ ಫಿನಿಶ್, ಅಂದರೆ ಆಮೇಲೆ ಉಳಿಯುವ ರುಚಿ. ಎಳೆಯದರಲ್ಲಿ ಹಣ್ಣು ಬೇಗ ಹೋಗಿ ಬೂದಿ, ಹೊಗೆ ಮಾತ್ರ ಉಳಿಯುವುದು ಸಾಮಾನ್ಯ. ಅದನ್ನು "ಉದ್ದದ ಫಿನಿಶ್" ಅಂತ ಹೊಗಳುವುದು ನನಗೆ ಒಪ್ಪಿಗೆ ಇಲ್ಲ. ಹೊಗೆ ಯಾವಾಗಲೂ ಕೊನೆಯವರೆಗೆ ಇರುತ್ತದೆ. ಅದರ ಜೊತೆ ಇನ್ನೇನು ಉಳಿಯಿತು ಅನ್ನುವುದು ಮುಖ್ಯ.

6. ನೀರು

ನೀರು ಬೆರೆಸಿದರೆ ವಿಸ್ಕಿ ಕೆಟ್ಟಿತು ಅನ್ನುವುದು ಮೂಢನಂಬಿಕೆ. ಎಳೆ ವಿಸ್ಕಿಗಂತೂ ನೀರು ಬೇಕೇ ಬೇಕು. ವೃತ್ತಿಯವರು ಎಷ್ಟೋ ಬಾರಿ ಶೇ. 20ರವರೆಗೆ ಇಳಿಸಿ ಮೂಸುತ್ತಾರೆ, ಯಾಕೆಂದರೆ ದೋಷ ಆಗ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ.

ಲೆಕ್ಕ ಸುಲಭ. ಶೇ. 46ರ 20 ಎಂಎಲ್‌ಗೆ 3 ಎಂಎಲ್ ನೀರು ಹಾಕಿದರೆ ಶೇ. 40. ಇನ್ನೂ 3 ಎಂಎಲ್‌ಗಿಂತ ಚೂರು ಜಾಸ್ತಿ ಹಾಕಿದರೆ ಶೇ. 35. ಶೇ. 50 ಇದ್ದರೆ 5 ಎಂಎಲ್‌ಗೆ ಶೇ. 40 ಮುಟ್ಟುತ್ತದೆ. ಶೇ. 60ರ ಕಾಸ್ಕ್ ಸ್ಟ್ರೆಂತ್ ಆದರೆ 10 ಎಂಎಲ್ ಬೇಕು. "ಎರಡು ಹನಿ ಹಾಕಿದೆ, ಏನೂ ಆಗಲಿಲ್ಲ" ಅನ್ನುವವರು ಈ ಲೆಕ್ಕ ನೋಡಲಿ.

ಒಮ್ಮೆಲೇ ಸುರಿಯಬೇಡಿ. ಸಿರಿಂಜಿನಿಂದ ಅರ್ಧ ಎಂಎಲ್ ಬಿಟ್ಟು, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ. ನೀರು ಇಳಿದ ಕಡೆ ಸಣ್ಣ ಸಣ್ಣ ಎಳೆಗಳು ಸುರುಳಿಯಾಗಿ ತಿರುಗುತ್ತವೆ, ಕೆಲವು ಸೆಕೆಂಡ್‌ನಲ್ಲಿ ಕರಗುತ್ತವೆ. ಆಮೇಲೆ ಮೂಸಿ, ಒಂದು ಗುಟುಕು, ಮತ್ತೆ ಅರ್ಧ ಎಂಎಲ್. ಎಲ್ಲೋ ಒಂದು ಕಡೆ ಹಣ್ಣು ತಟ್ಟನೆ ಮುಂದೆ ಬರುತ್ತದೆ. ಅದು ನಿಮ್ಮ ಬಾಟಲಿಯ ಹದ. ಬರೆದಿಡಿ.

ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ 2017ರಲ್ಲಿ ಇದನ್ನು ಕಂಪ್ಯೂಟರ್ ಲೆಕ್ಕದಲ್ಲಿ ನೋಡಿದ್ದರು. ಗ್ವಾಯಕಾಲ್ ಅನ್ನುವುದು ಹೊಗೆ ವಾಸನೆ ಕೊಡುವ ಅಂಶಗಳಲ್ಲಿ ಒಂದು. ಆಲ್ಕೋಹಾಲ್ ಶೇ. 45ಕ್ಕಿಂತ ಕಡಿಮೆ ಇದ್ದಾಗ ಅದು ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತದೆ. ಆಲ್ಕೋಹಾಲ್ ತುಂಬ ಜಾಸ್ತಿ ಇದ್ದಾಗ ಒಳಗೇ ಉಳಿಯುತ್ತದೆ. ಹಾಗಾಗಿ ನೀರು ಹಾಕಿದ ಮೇಲೆ ಹೊಗೆ ಮೊದಲು ಜಾಸ್ತಿಯಾದ ಹಾಗೆ ಅನ್ನಿಸಿದರೆ ಗಾಬರಿ ಬೇಡ.

ಎಡವುವ ಜಾಗ: ನೀರು ಹಾಕಿದಾಗ ವಿಸ್ಕಿ ಮಬ್ಬಾದರೆ "ಡೂಪ್ಲಿಕೇಟ್ ಮಾಲು" ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಚಿಲ್ ಫಿಲ್ಟರ್ ಮಾಡದ ವಿಸ್ಕಿಯಲ್ಲಿ ಶಕ್ತಿ ಶೇ. 46ಕ್ಕಿಂತ ಇಳಿದಾಗ ಎಣ್ಣೆ ಅಂಶ ಕರಗದೆ ಹೀಗೆ ಕಾಣುವುದು ಸಹಜ.

7. ಎಳೆತನವೋ, ದೋಷವೋ?

ಈಗ ಗ್ಲಾಸ್ ಪಕ್ಕಕ್ಕಿಟ್ಟು ಯೋಚಿಸಿ. ಎಳೆತನದ ಗುರುತು ಮೇಲೆ ಹೇಳಿದವೇ: ಹಸಿರು ಹಣ್ಣು, ಹಿಟ್ಟಿನ ವಾಸನೆ, ಜೋರು ಹೊಗೆ, ಮೆಣಸಿನ ಖಾರ. ಇವು ಇಷ್ಟವಾಗದಿರಬಹುದು, ಆದರೆ ತಪ್ಪಲ್ಲ. ದೋಷ ಬೇರೆ.

ಭಟ್ಟಿಯಿಂದ ಇಳಿಯುವುದೆಲ್ಲ ಪೀಪಾಯಿಗೆ ಹೋಗುವುದಿಲ್ಲ. ಮೊದಲು ಇಳಿಯುವ ಘಾಟು ಭಾಗವನ್ನು, ಕೊನೆಯ ಮಡ್ಡಿ ವಾಸನೆಯ ಭಾಗವನ್ನು ಬಿಟ್ಟು ನಡುವಿನದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಎಲ್ಲಿ ಶುರು, ಎಲ್ಲಿ ಮುಗಿಸಬೇಕು ಅನ್ನುವುದಕ್ಕೆ ಕಟ್ ಅನ್ನುತ್ತಾರೆ. ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಹದಿನೈದು ನಿಮಿಷ ಬಿಟ್ಟರೂ, ನೀರು ಹಾಕಿದರೂ ಹೋಗದಿದ್ದರೆ ಮೊದಲ ಭಾಗ ಜಾಸ್ತಿ ಸೇರಿರಬಹುದು. ತೇವ ಹಿಡಿದ ರಟ್ಟು, ಬೆವರಿದ ಬೂಟು, ಹುಳಿ ಹಿಡಿದ ಚರ್ಮದ ವಾಸನೆ ಬಂದರೆ ಕೊನೆಯ ಭಾಗವನ್ನು ಹೆಚ್ಚು ಹೊತ್ತು ಎಳೆದಿದ್ದಾರೆ.

ಹೊಗೆ ವಿಸ್ಕಿ ಮಾಡುವವರಿಗೆ ಇಲ್ಲೊಂದು ಪೀಕಲಾಟ ಇದೆ. ಗಾಢ ಹೊಗೆಯ ಅಂಶಗಳು ಇಳಿಯುವುದು ತಡವಾಗಿ, ಕೊನೆಯ ಭಾಗದ ಹತ್ತಿರ. ಹೊಗೆ ಬೇಕು ಅಂತ ಕಾದರೆ ರಟ್ಟು, ಚರ್ಮವೂ ಜೊತೆಗೆ ಬರುತ್ತವೆ. ಬೇಗ ಕಟ್ ಮಾಡಿದರೆ ಹಣ್ಣು ಉಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ. ಹದಿನೈದು ವರ್ಷ ಕಾಯುವವರು ಧೈರ್ಯವಾಗಿ ತಡವಾಗಿ ಕಟ್ ಮಾಡಬಹುದು, ಉಳಿದದ್ದನ್ನು ಕಾಲ ಸರಿ ಮಾಡುತ್ತದೆ. ಚಳಿ ಊರಿನಲ್ಲಿ ಐದು ವರ್ಷಕ್ಕೇ ಮಾರುವವರಿಗೆ ಆ ಅವಕಾಶ ಇಲ್ಲ. ಅದಕ್ಕೇ ಒಳ್ಳೆಯ ಎಳೆ ವಿಸ್ಕಿ ಅಂದರೆ ಭಟ್ಟಿ ಮುಂದೆ ನಿಂತವನ ಲೆಕ್ಕ ಸರಿ ಇದ್ದ ವಿಸ್ಕಿ ಅಂತ ನಾನು ಓದಿಕೊಳ್ಳುತ್ತೇನೆ.

ಇನ್ನೂ ಮೂರು ದೋಷ. ಬೇಯಿಸಿದ ಎಲೆಕೋಸಿನ ನೀರು ಅಥವಾ ರಬ್ಬರ್ ವಾಸನೆ ಅಂದರೆ ಗಂಧಕದ ಅಂಶ, ಪೀಪಾಯಿ ಅದನ್ನು ಹೀರಿ ಮುಗಿಸಿಲ್ಲ. ಆಗತಾನೆ ಗೀರಿದ ಬೆಂಕಿಕಡ್ಡಿಯ ವಾಸನೆ ಚೂರೇ ಇದ್ದರೆ ಶೆರ್ರಿ ಪೀಪಾಯಿಯದಿರಬಹುದು, ಕೆಲವರಿಗೆ ಇಷ್ಟವೂ ಹೌದು. ಎರಡನೆಯದು ಕಮಟು ಬೆಣ್ಣೆಯ, ಹಾಲು ಕಕ್ಕಿದ ಮಗುವಿನ ಬಟ್ಟೆಯ ವಾಸನೆ. ಎಳೆ ಹೊಗೆ ವಿಸ್ಕಿಗಳಲ್ಲಿ ಇದು ಆಗಾಗ ಇಣುಕುತ್ತದೆ. ಹೊಗೆಯ ಹಿಂದೆ ಸಣ್ಣಗೆ ಇದ್ದರೆ ಸಹಿಸಬಹುದು, ನೀರು ಹಾಕಿದಾಗ ಅದೇ ಮುಂದೆ ಬಂದರೆ ಆಗದು. ಮೂರನೆಯದು ಜಾಸ್ತಿ ಮೋಸ ಮಾಡುವಂಥದ್ದು: ಮರಗೆಲಸದ ಅಂಗಡಿಯ ಹೊಟ್ಟಿನ ವಾಸನೆ, ನಾಲಿಗೆ ಹಿಡಿಯುವ ಒಗರು, ಅದರಡಿ ಹಸಿ ಸ್ಪಿರಿಟ್. ಎಳೆತನ ಮುಚ್ಚಲು ಚಿಕ್ಕ ಪೀಪಾಯಿಯನ್ನೋ ತೀರಾ ಹೊಸ ಮರವನ್ನೋ ಬಳಸಿದಾಗ ಹೀಗಾಗುತ್ತದೆ. ಮೇಲೆ ಮುದಿತನ, ಒಳಗೆ ಎಳೆತನ. ಬರೀ ಎಳೆಯದೇ ವಾಸಿ.

ಹಾಗಂತ ಚಿಕ್ಕ ಪೀಪಾಯಿ ಎಲ್ಲವೂ ಕೆಟ್ಟದ್ದಲ್ಲ. ವುಲ್ಫ್‌ಬರ್ನ್‌ನ ನಾರ್ತ್‌ಲ್ಯಾಂಡ್ ವಿಸ್ಕಿ ಕೂತದ್ದೇ ಐಲಾ ವಿಸ್ಕಿ ಹಿಂದೆ ಇದ್ದ ಕ್ವಾರ್ಟರ್ ಕಾಸ್ಕ್‌ಗಳಲ್ಲಿ. ಒಮ್ಮೆ ಬಳಸಿದ ಮರ ಆದ್ದರಿಂದ ಒಗರು ಕಡಿಮೆ, ಮೇಲೆ ತೆಳು ಹೊಗೆಯೂ ಸಿಗುತ್ತದೆ.

8. ಕಡಲಿನ ಉಪ್ಪು?

"ಕಡಲ ಗಾಳಿ ಪೀಪಾಯಿಗೆ ನುಗ್ಗಿ ಉಪ್ಪು ತುಂಬಿದೆ" ಅನ್ನುವ ಮಾತನ್ನು ಜಾಹೀರಾತಿಗೆ ಬಿಟ್ಟುಬಿಡಿ. ಉಪ್ಪು ಆವಿಯಾಗಿ ಹಾರುವ ವಸ್ತುವಲ್ಲ, ಅದಕ್ಕೆ ವಾಸನೆಯೂ ಇಲ್ಲ. ವಿಸ್ಕಿಯಲ್ಲಿರುವ ಸೋಡಿಯಂ ನಾಲಿಗೆಗೆ ಉಪ್ಪು ಅನ್ನಿಸುವಷ್ಟು ಇರುವುದಿಲ್ಲ. ಐಲಾದಲ್ಲಿ ಭಟ್ಟಿ ಇಳಿಸಿ ಒಳನಾಡಿನ ಗೋದಾಮುಗಳಿಗೆ ಸಾಗಿಸುವ ಸ್ಪಿರಿಟ್ ಕೂಡ ಬೇಕಾದಷ್ಟಿದೆ, ಅದರಲ್ಲೂ ಜನ ಕಡಲು ಕಾಣುತ್ತಾರೆ. ಕಡಲಿನ ವಾಸನೆ ಅಂತ ನಮಗೆ ಅನ್ನಿಸುವುದರಲ್ಲಿ ಬಹುಪಾಲು ಪೀಟ್ ಹೊಗೆಯ ಫಿನಾಲ್, ಕ್ರೆಸಾಲ್ ಅಂಶಗಳು.

ಹಾಗಾದರೆ ಕಡಲ ತೀರ ಏನೂ ಕೊಡುವುದಿಲ್ಲವಾ? ಕೊಡುತ್ತದೆ. ತಂಪು, ತೇವ, ಸ್ಥಿರವಾದ ಹವೆ. ಗ್ಲಾಸಿನಲ್ಲಿ ಅದರ ಗುರುತು ನೀವು ಈಗಾಗಲೇ ನೋಡಿದ್ದೇ: ತೆಳು ಮರ, ಮುಂದೆ ನಿಂತ ಸ್ಪಿರಿಟ್. ನಿಮ್ಮ ಹಾಳೆಯಲ್ಲಿ "ಉಪ್ಪುಪ್ಪು" ಅಂತ ಬರೆಯಲು ಅಡ್ಡಿಯಿಲ್ಲ, ಅನ್ನಿಸಿದ್ದು ಅನ್ನಿಸಿದ್ದೇ.

9. ಪಕ್ಕದಲ್ಲಿ ಒಂದು ಬೆಂಗಳೂರು ಗ್ಲಾಸ್

ಹವೆ ಏನು ಮಾಡುತ್ತದೆ ಅಂತ ಓದಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದು ಸುಲಭ. ಕರ್ನಾಟಕದಲ್ಲಿ ಇರುವವರಿಗೆ ಇದು ಕಷ್ಟವಲ್ಲ. ಅಮೃತ್ ಪೀಟೆಡ್ ತನ್ನಿ. ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಹೊಗೆಯ ಬಾರ್ಲಿ, ಶೇ. 46, ಕೂತದ್ದು ಮಾತ್ರ ಬೆಂಗಳೂರಿನಲ್ಲಿ. ಮಾಕಿರ್ ಬೇ ಕೂಡ ಶೇ. 46. ಶಕ್ತಿ ಒಂದೇ, ಎರಡರಲ್ಲೂ ಪೀಟ್, ಊರು ಬೇರೆ.

ಎರಡನ್ನೂ 20 ಎಂಎಲ್ ಸುರಿದು, ಯಾವುದು ಯಾವುದೆಂದು ಗೊತ್ತಾಗದ ಹಾಗೆ ಮನೆಯವರಿಂದ ಗ್ಲಾಸಿನ ಕೆಳಗೆ ಗುರುತು ಹಾಕಿಸಿ. ಮೊದಲು ಮೂಸುವುದು ಮಾತ್ರ. ಎಲ್ಲಿ ಹೊಗೆ ಮುಂದಿದೆ, ಎಲ್ಲಿ ಮರ ಮತ್ತು ಮಸಾಲೆ ಮುಂದಿದೆ ಅಂತ ಬರೆಯಿರಿ. ಆಮೇಲೆ ರುಚಿ, ಆಮೇಲೆ ಎರಡಕ್ಕೂ 3 ಎಂಎಲ್ ನೀರು, ಮತ್ತೆ ರುಚಿ. ನನ್ನ ಮೂಗಿಗೆ ಬೆಂಗಳೂರಿನ ಗ್ಲಾಸಿನಲ್ಲಿ ಹೊಗೆ ಮರದೊಳಗೆ ಕೂತಿರುತ್ತದೆ, ಐಲಾದ್ದರಲ್ಲಿ ಎದುರಿಗೇ ನಿಂತಿರುತ್ತದೆ. ನಿಮಗೆ ಬೇರೆ ಅನ್ನಿಸಬಹುದು. ಭಟ್ಟಿ, ಪೀಪಾಯಿ ಎಲ್ಲ ಬೇರೆಬೇರೆ ಇರುವುದರಿಂದ ವ್ಯತ್ಯಾಸವನ್ನೆಲ್ಲ ಹವೆಯ ತಲೆಗೆ ಕಟ್ಟಬೇಡಿ.

ಎಡವುವ ಜಾಗ: ಒಂದೇ ಸಂಜೆ ಐದಾರು ಹೊಗೆ ವಿಸ್ಕಿ ಸಾಲಾಗಿ ಇಡುವುದು. ಮೂರನೆಯದರ ಹೊತ್ತಿಗೆ ಮೂಗು ಸತ್ತಿರುತ್ತದೆ. ಎರಡು ಸಾಕು. ಹೊಗೆ ಇಲ್ಲದ್ದನ್ನೂ ಸೇರಿಸುವುದಾದರೆ ಅದು ಮೊದಲು.

10. ಮುಗಿದ ಮೇಲೆ

ಗ್ಲಾಸ್ ತಕ್ಷಣ ತೊಳೆಯಬೇಡಿ. ಮೇಲೆ ಒಂದು ತಟ್ಟೆ ಮುಚ್ಚಿಟ್ಟು ಬೆಳಿಗ್ಗೆ ಮೂಸಿ. ಆಲ್ಕೋಹಾಲ್ ಹೋಗಿ ಬೂದಿ, ಮಾಲ್ಟ್, ಕೆಲವೊಮ್ಮೆ ಬೆಲ್ಲದ ವಾಸನೆ ಉಳಿದಿರುತ್ತದೆ. ರಟ್ಟಿನ ದೋಷ ಇದ್ದರೆ ಅದೂ ಈಗ ಸ್ಪಷ್ಟ. ಹಿಂದಿನ ರಾತ್ರಿ ಅನುಮಾನ ಇದ್ದವರು ತೀರ್ಮಾನಕ್ಕೆ ಬರುವುದು ಇಲ್ಲಿ.

ಆಗತಾನೆ ತೆರೆದ ಬಾಟಲಿ ತುಂಬ ಹಸಿ ಅನ್ನಿಸಿದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ನೋಡಿ. ಕುತ್ತಿಗೆಗೆ ಗಾಳಿ ಸೇರಿದ ಮೇಲೆ ಕೆಲವು ಮೆತ್ತಗಾಗುತ್ತವೆ. ಆದರೆ ಬಾಟಲಿಯಲ್ಲಿ ಇಟ್ಟರೆ ವಿಸ್ಕಿಗೆ ವಯಸ್ಸಾಗುವುದಿಲ್ಲ. ಹತ್ತು ವರ್ಷ ಬೀರುವಿನಲ್ಲಿ ಇಟ್ಟರೂ ಐದು ವರ್ಷದ್ದು ಐದು ವರ್ಷದ್ದೇ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ. ವೈನಿನ ಹಾಗೆ ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಮೂರನೇ ಒಂದು ಭಾಗಕ್ಕೆ ಇಳಿದ ಮೇಲೆ ಹೊಗೆ ಬೇಗ ಮಂಕಾಗುತ್ತದೆ. ಆಗ ಚಿಕ್ಕ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿಸಿಡಿ, ಇಲ್ಲವೇ ಮೇಲೆ ಹೇಳಿದ ಆ ನಾಲ್ಕು ಜನರನ್ನು ಕರೆಯಿರಿ.